ಮನಸ್ಸಿನ ಭಾರ, ಮನೆಯ ಜಗಳ ಮತ್ತು ದೂರದ ಆಪ್ತಸಮಾಲೋಚಕರು

(ಮಾಸಿಕ ಅನುಭಾವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಸಂಘಟಕರು ನನಗೆ ಕೊಟ್ಟ ವಿಷಯ ‘ಶರಣರ ಬದುಕು ಮತ್ತು ಇಂದಿನ ತಂತ್ರಜ್ಞಾನ’. ಅದರಲ್ಲಿ ಒಂದೇ ಎಳೆ ಹಿಡಿದು ಮಾತಾಡುತ್ತೇನೆ. ಮನಸ್ಸಿನ ಒತ್ತಡಕ್ಕೆ, ಗಂಡಹೆಂಡಿರ ಮನಸ್ತಾಪಕ್ಕೆ ಮೊಬೈಲ್ ಪರದೆಯ ಮೂಲಕ ತಜ್ಞರೊಡನೆ ಮಾತಾಡಿ ದಾರಿ ಹುಡುಕುವುದು, ಅದೇ ಆ ಎಳೆ. ಇದು ಮಠದಲ್ಲಿ ಆಡುವ ಮಾತೇ ಎಂದು ಕೆಲವರ ಹುಬ್ಬು ಏರಬಹುದು. ಮದುವೆ ಆಗುವುದು ಮಠದ ಅಂಗಳದಲ್ಲಿ. ಅದು ಮುರಿಯುವ ಹಂತಕ್ಕೆ ಬಂದಾಗ ಹಿರಿಯರು ಪಂಚಾಯಿತಿಗೆ ಸೇರುವುದೂ ಇದೇ ಅಂಗಳದಲ್ಲಿ. ನಡುವಿನ ಮಾತು ಮಾತ್ರ ಇಲ್ಲಿ ಯಾಕೆ ಬೇಡ?

ಮಗ ಸೊಸೆ ಮಾತು ಬಿಟ್ಟರೆ ನಮ್ಮ ಮನೆಗಳಲ್ಲಿ ಮೊದಲು ಆಗುವುದೇನು? ಬಸವಣ್ಣನವರ ಭಾವಚಿತ್ರದ ಕೆಳಗೇ ಕೂತು ಜಾತಕ ಬಿಚ್ಚುತ್ತೇವೆ. ಜಾತಕದಲ್ಲಿ ಸಿಗದಿದ್ದರೆ ವಾಸ್ತುವಿನವರು ಬರುತ್ತಾರೆ, ಅಡುಗೆಮನೆ ಬಾಗಿಲು ತಪ್ಪು ದಿಕ್ಕಿಗಿದೆ ಎನ್ನುತ್ತಾರೆ. ಕಟ್ಟಡಗಳ ನಡುವೆಯೇ ಸೇವೆ ಮುಗಿಸಿದವನು ನಾನು. ಬಾಗಿಲು ಕಿತ್ತರೆ ಗೋಡೆ ಸಡಿಲವಾದೀತು, ಮುರಿದ ಮಾತು ಕೂಡುವುದಿಲ್ಲ.

ನನಗೆ ತೀರ ಹತ್ತಿರದ ಒಂದು ಜೋಡಿಯ ವಿಷಯ ಹೇಳುತ್ತೇನೆ. ಇಬ್ಬರ ಒಪ್ಪಿಗೆ ಪಡೆದಿದ್ದೇನೆ. ಹೆಸರು, ಊರು ಬೇಡ. ಗಂಡನಿಗೆ ಒಂದು ಜಿಲ್ಲೆಯಲ್ಲಿ ಸರ್ಕಾರಿ ನೌಕರಿ, ಹೆಂಡತಿ ಇನ್ನೊಂದು ಜಿಲ್ಲೆಯಲ್ಲಿ ಶಾಲಾ ಶಿಕ್ಷಕಿ. ಸೇರುವುದು ಶನಿವಾರ ರಾತ್ರಿ, ಜಗಳ ಶುರುವಾಗುವುದು ಭಾನುವಾರ ಮಧ್ಯಾಹ್ನ. ಅವನಿಗೆ ನಿದ್ದೆ ಹೋಯಿತು, ಎದೆ ಹಿಡಿದಂತಾಗತೊಡಗಿತು. ಇಸಿಜಿ ಮಾಡಿದ ವೈದ್ಯರು ಹೃದಯ ಸರಿಯಿದೆ, ಮನಶ್ಶಾಸ್ತ್ರಜ್ಞರನ್ನು ಕಾಣಿ ಎಂದರು. ಸಣ್ಣ ಊರಿನಲ್ಲಿ ಅಂಥವರು ಇರುವುದೇ ಅಪರೂಪ. ಇದ್ದರೂ ಆ ಬಾಗಿಲಲ್ಲಿ ನಿಂತದ್ದನ್ನು ಒಬ್ಬ ನೋಡಿದರೆ ಸಂಜೆಯೊಳಗೆ ಬೀಗರ ಮನೆಗೆ ಸುದ್ದಿ. ಹೀಗಾಗಿ ಅವರು ಕನ್ನಡ ಬಲ್ಲ ಮನಶ್ಶಾಸ್ತ್ರಜ್ಞೆಯೊಬ್ಬರನ್ನು ವಿಡಿಯೋ ಮೂಲಕ ಕಾಣತೊಡಗಿದರು. ವಾರಕ್ಕೊಮ್ಮೆ, ಮುಕ್ಕಾಲು ಗಂಟೆ. ಅವಳು ಅಲ್ಲಿಂದ, ಅವನು ಇಲ್ಲಿಂದ, ತಜ್ಞೆ ಮೂರನೇ ಊರಿನಿಂದ. ಎರಡು ಜಿಲ್ಲೆಗಳಲ್ಲಿರುವ ಗಂಡಹೆಂಡತಿಯನ್ನು ವಾರವಾರ ಒಂದೇ ಕೋಣೆಯಲ್ಲಿ ಕೂರಿಸಲು ಬೇರೆ ಉಪಾಯ ಎಲ್ಲಿದೆ?

ಆಕೆ ಉಪದೇಶ ಮಾಡಲಿಲ್ಲ, ಯಾರು ತಪ್ಪು ಎಂದು ತೀರ್ಪೂ ಕೊಡಲಿಲ್ಲ. ಬರೆಯಲು ಹೇಳಿದರು. ಎದೆ ಬಿಗಿದಾಗ ಏನು ನಡೆಯಿತು, ಆ ಕ್ಷಣ ಮನಸ್ಸಿಗೆ ಬಂದ ವಿಚಾರ ಯಾವುದು, ಆಮೇಲೆ ಏನು ಮಾಡಿದೆ. ಗೋಡೆ ಬಿರುಕು ಬಿಟ್ಟಾಗ ನಾವು ಎಂಜಿನಿಯರುಗಳು ಕೂಡಲೇ ಗಾರೆ ಮೆತ್ತುವುದಿಲ್ಲ. ಬಿರುಕಿನ ಮೇಲೆ ಅಡ್ಡಲಾಗಿ ಒಂದು ಗಾಜಿನ ತುಂಡು ಅಂಟಿಸಿ ದಿನಾಂಕ ಬರೆದಿಡುತ್ತೇವೆ. ಗಾಜು ಒಡೆದರೆ ಬಿರುಕು ಇನ್ನೂ ಬೆಳೆಯುತ್ತಿದೆ, ಅಡಿಪಾಯ ನೋಡಬೇಕು ಎಂದರ್ಥ. ಆ ಡೈರಿ ಅಂಥ ಗಾಜು. ನಾಲ್ಕು ವಾರದಲ್ಲಿ ಗೊತ್ತಾದದ್ದು ಇಷ್ಟೆ. ‘ಎಷ್ಟೊತ್ತಿಗೆ ಬರ್ತೀರಿ?’ ಎಂದು ಅವಳು ಕಳಿಸುವ ಸಂದೇಶ ಅವನಿಗೆ ಮೇಲಧಿಕಾರಿಯ ನೋಟಿಸಿನಂತೆ ಕೇಳಿಸುತ್ತಿತ್ತು. ಅವಳು ಕೇಳುತ್ತಿದ್ದದ್ದು ರೊಟ್ಟಿ ಯಾವಾಗ ಬಡಿಯಲಿ ಎಂದು. ಘಟನೆಗಿಂತ ಅದಕ್ಕೆ ನಾವು ಹಚ್ಚುವ ಅರ್ಥ ನಮ್ಮನ್ನು ಹೆಚ್ಚು ಕಾಡುತ್ತದೆ ಎಂಬುದರ ಮೇಲೆ ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಒಂದು ಚಿಕಿತ್ಸಾ ಪದ್ಧತಿಯನ್ನೇ ಕಟ್ಟಿದರು. ಇಂದು ಬಹಳಷ್ಟು ತಜ್ಞರು ನಡೆಯುವುದು ಅದೇ ದಾರಿಯಲ್ಲಿ.

ಇನ್ನೊಂದು ಮನೆಗೆಲಸ ಕೊಟ್ಟರು. ದಿನಕ್ಕೆ ಇಪ್ಪತ್ತು ನಿಮಿಷ ಒಬ್ಬರು ಮಾತಾಡಬೇಕು. ಇನ್ನೊಬ್ಬರು ಉತ್ತರ ಕೊಡುವ ಮುಂಚೆ ಕೇಳಿಸಿಕೊಂಡದ್ದನ್ನು ತಿರುಗಿ ಹೇಳಿ, ‘ನೀನು ಹೇಳಿದ್ದು ಇದೇ ಹೌದಲ್ಲ?’ ಎಂದು ಕೇಳಬೇಕು. ಕೇಳಲು ಹುಡುಗಾಟದಂತಿದೆ. ಮನೆಗೆ ಹೋಗಿ ಮಾಡಿ ನೋಡಿ, ಎರಡನೇ ನಿಮಿಷಕ್ಕೆ ನಾಲಿಗೆ ತುರಿಸುತ್ತದೆ.

ಪವಾಡ ಆಗಲಿಲ್ಲ. ಆರು ತಿಂಗಳು ಹಿಡಿಯಿತು, ನಡುವೆ ಒಮ್ಮೆ ಬಿಟ್ಟೂ ಬಿಟ್ಟಿದ್ದರು. ಈಗಲೂ ಜಗಳವಾಡುತ್ತಾರೆ, ಆದರೆ ನಿಲ್ಲಿಸುವುದು ಗೊತ್ತಾಗಿದೆ. ಅವನಿಗೆ ನಿದ್ದೆ ಬರುತ್ತಿದೆ.

ಇಷ್ಟಲಿಂಗ ಪೂಜೆ ಇರುವಾಗ ಇದೆಲ್ಲ ಯಾಕೆ ಎಂದು ಒಬ್ಬ ಹಿರಿಯ ಶರಣರು ಕೇಳಿದರು. ಸಕ್ಕರೆ ಕಾಯಿಲೆಗೆ ಅವರು ದಿನಾ ಎರಡು ಗುಳಿಗೆ ನುಂಗುತ್ತಾರೆ, ಪೂಜೆಯನ್ನೂ ಮಾಡುತ್ತಾರೆ. ಒಂದು ಇನ್ನೊಂದಕ್ಕೆ ಅಡ್ಡಿ ಆಗಿಲ್ಲ. ಹನ್ನೆರಡನೇ ಶತಮಾನದಲ್ಲೇ ಎಲ್ಲವೂ ಇತ್ತು ಎನ್ನುವ ಚಟ ನಮಗಿದೆ, ನಾನು ಆ ಮಾತು ಆಡುವುದಿಲ್ಲ. ಅನುಭವ ಮಂಟಪ ಚಿಕಿತ್ಸಾಲಯವಾಗಿರಲಿಲ್ಲ. ಆದರೆ ಒಳಗಿನದನ್ನು ಮಾತಿಗೆ ತರುವುದು, ಅದನ್ನು ಇನ್ನೊಬ್ಬರ ಪ್ರಶ್ನೆಗೆ ಒಡ್ಡುವುದು ನಮಗೆ ಹೊಸದಲ್ಲ. ಮಾರಯ್ಯ ಶರಣರು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಸುಮ್ಮನಿರಲಿಲ್ಲ, ವಾಪಸು ಸುರಿದು ಬನ್ನಿ ಎಂದರು. ಅವರು ಕೇಳಿಸಿಕೊಂಡರು. ನಮ್ಮ ಎಷ್ಟು ಮನೆಗಳಲ್ಲಿ ಸೊಸೆ ಹೀಗೆ ಹೇಳಬಲ್ಲಳು, ಮಗ ಕೇಳಬಲ್ಲ?

ತಂತ್ರಜ್ಞಾನ ಎಂದ ಕೂಡಲೇ ಕಣ್ಣು ಮುಚ್ಚಿ ಹಣ ಕಟ್ಟಬೇಡಿ. ಮನೋವೈದ್ಯರೆಂದರೆ ವೈದ್ಯಕೀಯ ಓದಿದವರು, ಔಷಧಿ ಬರೆಯುವವರು ಅವರೇ. ಚಿಕಿತ್ಸಾ ಮನಶ್ಶಾಸ್ತ್ರಜ್ಞರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರುತ್ತದೆ. ಸಂಖ್ಯೆ ಕೇಳಿ, ನಾಚಿಕೆ ಬೇಡ. ಗುತ್ತಿಗೆದಾರನ ಲೈಸೆನ್ಸ್ ನೋಡದೆ ಟೆಂಡರ್ ಕೊಡುತ್ತೇವೆಯೇ? ಇಷ್ಟೇ ದಿನದಲ್ಲಿ ಗುಣಪಡಿಸುತ್ತೇನೆ ಎಂದು ಭರವಸೆ ಕೊಡುವವರಿಂದ ದೂರ ಇರಿ. ಮಾತುಕತೆ ರೆಕಾರ್ಡ್ ಆಗುತ್ತದೆಯೇ ಎಂದು ಮೊದಲೇ ಕೇಳಿ. ಹಣ ಕೊಡಲಾಗದವರಿಗೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಇದೆ. 2022ರ ಅಕ್ಟೋಬರ್ 10ರಂದು ಆರಂಭವಾಯಿತು, ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಹೊಡೆತ ಬಡಿತ ಇರುವ ಮನೆಯಲ್ಲಿ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಸಮಾಲೋಚನೆ ಎನ್ನಬೇಡಿ. ಪರದೆಯ ಮುಂದೆ ಅವಳು ಆಡಿದ ಸತ್ಯಕ್ಕೆ ರಾತ್ರಿ ಏಟು ಬೀಳುತ್ತದೆ. ಅಲ್ಲಿ ಮೊದಲು ಬೇಕಾದದ್ದು ರಕ್ಷಣೆ. 181 ಮಹಿಳಾ ಸಹಾಯವಾಣಿ, 112 ಪೊಲೀಸ್. ‘ಹೊಂದಿಕೊಂಡು ಹೋಗವ್ವ’ ಎಂದು ಕಳಿಸುವ ಪಂಚಾಯಿತಿ ಅಂಥ ಹೆಣ್ಣುಮಗಳಿಗೆ ಬೇಕಿಲ್ಲ. ಹಾಗೆಯೇ ಸಾಯುವ ಮಾತು ಆಡುವವರನ್ನು ಮುಂದಿನ ವಾರದ ವಿಡಿಯೋಗೆ ಕಾಯಿಸಬೇಡಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಇನ್ನು ಅತ್ತೆ ಮಾವಂದಿರಿಗೆ. ಆ ಹುಡುಗಿಯನ್ನು ಅವಳ ಅತ್ತೆ ಪ್ರತಿ ವಾರ ಕೇಳುತ್ತಿದ್ದರಂತೆ, ‘ನಮ್ಮ ಬಗ್ಗೆ ಏನು ಹೇಳಿದಿ?’ ಎಂದು. ಅಲ್ಲಿ ಆಡಿದ್ದು ಅಲ್ಲೇ ಇರಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಗೋಪ್ಯತೆಯನ್ನು ಹಕ್ಕು ಎಂದೇ ಹೇಳಿದೆ. ಮಂಗಳಸೂತ್ರ ಕಟ್ಟಿಸಿದ ಮಾತ್ರಕ್ಕೆ ಆ ಹಕ್ಕು ನಮ್ಮ ಕೈಗೆ ಬರುವುದಿಲ್ಲ.

ಆ ಹುಡುಗ ಎಷ್ಟೋ ಸಲ ಕಾಲುವೆ ದಂಡೆಯಲ್ಲಿ ಕಾರು ನಿಲ್ಲಿಸಿ, ಗಾಜು ಏರಿಸಿಕೊಂಡು ತಜ್ಞೆಯೊಡನೆ ಮಾತಾಡಿದ್ದಾನೆ. ಅವನಿಗೆ ಕಾರಾದರೂ ಇತ್ತು. ಎರಡು ಕೋಣೆಯ ಮನೆಯ ಸೊಸೆ ಎಲ್ಲಿಗೆ ಹೋಗಬೇಕು? ಈ ಮಠದ ಗ್ರಂಥಾಲಯದ ಪಕ್ಕ ಹಳೆಯ ಪುಸ್ತಕ ತುಂಬಿದ ಒಂದು ಸಣ್ಣ ಕೋಣೆ ಇದೆ. ಒಂದು ಗಟ್ಟಿ ಬಾಗಿಲು, ಒಳಗಿನಿಂದ ಚಿಲಕ, ಇಂಟರ್ನೆಟ್, ಎರಡು ಕುರ್ಚಿ ಸಾಕು. ಯಾರು ಬಂದರು, ಯಾಕೆ ಬಂದರು ಎಂದು ಬರೆಯುವ ರಿಜಿಸ್ಟರ್ ಬೇಡ. ಗ್ರಂಥಾಲಯಕ್ಕೆ ಬಂದರು ಎಂದೇ ಊರು ತಿಳಿಯಲಿ. ಕೆಲಸದ ಅಂದಾಜುಪಟ್ಟಿ ಬರೆದು ಪೂಜ್ಯರ ಕೈಗೆ ಕೊಟ್ಟಿದ್ದೇನೆ, ಮೇಲ್ವಿಚಾರಣೆ ನನ್ನದು. ಪುಸ್ತಕ ಬೇರೆಡೆ ಸಾಗಿಸಲು ಬರುವ ಭಾನುವಾರ ಬೆಳಿಗ್ಗೆ ಹತ್ತು ಜನ ಯುವಕರು ಬೇಕು.