ಗುಲಾಮಗಿರಿಯ ಪಾಠ: ಅಮೇರಿಕದಿಂದ ಹಳಿಯಾಳದವರೆಗೆ

(ಸಂಘದ ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣ)



ಅಮೇರಿಕದ ಸ್ವಾತಂತ್ರ್ಯ ಸಮರವನ್ನು ನಾವು ಪರೀಕ್ಷೆಗಾಗಿ ಓದುತ್ತೇವೆ, ಮರೆಯುತ್ತೇವೆ. ಆದರೆ ಅದು ನಮ್ಮ ಊರಿಗೆ ಅಷ್ಟೇನೂ ದೂರದ್ದಲ್ಲ. 1781ರಲ್ಲಿ ಯಾರ್ಕ್‌ಟೌನಿನಲ್ಲಿ ಸೋತು ಶರಣಾದ ಕಾರ್ನ್‌ವಾಲಿಸನೇ 1791ರಲ್ಲಿ ಟಿಪ್ಪು ಸುಲ್ತಾನರಿಂದ ಬೆಂಗಳೂರು ಕೋಟೆಯನ್ನು ಕಿತ್ತುಕೊಂಡವನು. ಶಿವಾಜಿನಗರದ ಹುಡುಗನಿಗೆ ಇಷ್ಟು ಹೇಳಿದರೆ ಸಾಕು, ಕಿವಿ ನಿಮಿರುತ್ತದೆ.

ಆಮೇಲೆ ಪ್ರಶ್ನೆ ಬರುತ್ತದೆ. 1776ರಲ್ಲಿ ಮನುಷ್ಯರೆಲ್ಲ ಸಮಾನರೆಂದು ಬರೆದ ಜೆಫರ್ಸನ್ ತನ್ನ ಜೀವಮಾನದಲ್ಲಿ 600ಕ್ಕೂ ಹೆಚ್ಚು ಗುಲಾಮರ ಒಡೆಯನಾಗಿದ್ದನಲ್ಲ, ಹೇಗೆ ಸಾರ್? 1787ರ ಸಂವಿಧಾನ ಐವರು ಗುಲಾಮರನ್ನು ಮೂವರೆಂದು ಎಣಿಸಿತು. ಅದೂ ಒಡೆಯರ ರಾಜ್ಯಗಳಿಗೆ ಪ್ರತಿನಿಧಿಗಳು ಹೆಚ್ಚಲೆಂದು. ಇದನ್ನು ಹಾರಿಸಿ ಮುಂದಿನ ಪಾಠಕ್ಕೆ ಹೋಗಬೇಡಿ.

ಆ ಗುಲಾಮರಲ್ಲಿ ಮುಸ್ಲಿಮರೂ ಇದ್ದರು. ಇಂದಿನ ಸೆನೆಗಲ್ ಪ್ರದೇಶದ ವಿದ್ವಾಂಸ ಉಮರ್ ಇಬ್ನ್ ಸಯೀದ್ 1807ರಲ್ಲಿ ಸೆರೆಯಾಗಿ ಚಾರ್ಲ್ಸ್‌ಟನ್ನಿನಲ್ಲಿ ಮಾರಾಟವಾದರು. 1831ರಲ್ಲಿ ಅರಬಿಯಲ್ಲಿ ಆತ್ಮಕಥೆ ಬರೆದರು. ಅದನ್ನು ಆರಂಭಿಸಿದ್ದು ಸೂರಃ ಅಲ್-ಮುಲ್ಕ್‌ನಿಂದ. ಒಡೆತನವೆಲ್ಲ ಅಲ್ಲಾಹನದು ಎನ್ನುವ ಅಧ್ಯಾಯವನ್ನು, ಇನ್ನೊಬ್ಬನ ಆಸ್ತಿಯಾಗಿದ್ದ ಮನುಷ್ಯ ಬರೆದ! ನಮ್ಮ ಮಕ್ಕಳಿಗೆ ಆ ಸೂರಃ ಬಾಯಿಪಾಠವಿದೆ, ಉಮರ್ ಗೊತ್ತಿಲ್ಲ. 1865ರಲ್ಲಿ ಗುಲಾಮಗಿರಿ ರದ್ದಾಗುವ ಮೊದಲೇ ಅವರು ಗುಲಾಮರಾಗಿಯೇ ತೀರಿಕೊಂಡರು.

ಆದರೆ ಇದು ಬಿಳಿಯರ ಪಾಪ ಮಾತ್ರ ಎಂದುಕೊಂಡು ಮಗು ಮನೆಗೆ ಹೋದರೆ ನಾವು ಅರ್ಧ ಪಾಠವನ್ನೇ ಕಲಿಸಿದಂತೆ. ಝಕಾತಿನ ಎಂಟು ಬಾಬತ್ತುಗಳಲ್ಲಿ ಒಂದು ಗುಲಾಮರ ವಿಮೋಚನೆಗೇ ಇದೆ. ಹಾಗಿದ್ದೂ ದಖ್ಖನ್ನಿನ ಸುಲ್ತಾನರು ಹಬ್ಶಿಗಳನ್ನು ಕೊಂಡರು. ಇಥಿಯೋಪಿಯಾದಿಂದ ಕೈಯಿಂದ ಕೈಗೆ ಮಾರಾಟವಾಗಿ ಬಂದ ಮಲಿಕ್ ಅಂಬರ್ ಅಹ್ಮದ್‌ನಗರದ ಸೂತ್ರಧಾರನಾದದ್ದನ್ನು ಹೆಮ್ಮೆಯಿಂದ ಹೇಳುತ್ತೇವೆ. ಹೇಳೋಣ. ಅವನನ್ನು ಮಾರಿದವರು ಯಾರು, ಕೊಂಡವರು ಯಾರು ಎಂಬುದನ್ನೂ ಹೇಳೋಣ. ಕಂಪನಿ ಸರ್ಕಾರ ಭಾರತದಲ್ಲಿ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ತೆಗೆದದ್ದು 1843ರಲ್ಲಿ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡಗಳಲ್ಲಿ ಸಿದ್ದಿಗಳಿದ್ದಾರೆ. ಅವರ ಹಿರಿಯರಲ್ಲಿ ಬಹಳ ಮಂದಿ ಪೋರ್ಚುಗೀಸರ ಗೋವಾದಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು. ಅವರಲ್ಲಿ ಹಿಂದೂಗಳು, ಕ್ರೈಸ್ತರು, ಮುಸ್ಲಿಮರು ಮೂವರೂ ಉಂಟು. ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಹಜ್ರತ್ ಬಿಲಾಲ್ (ರ)ರ ಹೆಸರು ಕೇಳಿದರೆ ನಮ್ಮ ಕಣ್ಣು ತುಂಬುತ್ತದೆ. ಬಸ್ಸಿನಲ್ಲಿ ಸಿದ್ದಿ ಹುಡುಗ ಪಕ್ಕದಲ್ಲಿ ಕೂತು ಸಲಾಂ ಹೇಳಿದರೆ, ಎಲ್ಲಿಯವನಪ್ಪ ಇವನು ಎಂದು ತಿರುಗಿ ನೋಡುತ್ತೇವೆ. ಸಂಬಂಧ ಬೆಳೆಸುವ ಮಾತಂತೂ ಬಿಡಿ.

ಶೈಕ್ಷಣಿಕ ಪ್ರವಾಸವೆಂದರೆ ಮೈಸೂರು, ಊಟಿ ಎನ್ನುವ ಅಧ್ಯಾಪಕರಲ್ಲಿ ಒಂದು ವಿನಂತಿ: ಒಮ್ಮೆ ಹಳಿಯಾಳಕ್ಕೆ ಹೋಗಿ. ಕುಣಿತ ನೋಡಲಿಕ್ಕಲ್ಲ, ಅಲ್ಲಿಯ ಹಿರಿಯರ ಬಾಯಿಂದ ಕಥೆ ಕೇಳಲಿಕ್ಕೆ. ಹೋಗುವಾಗ ನಮ್ಮ ಸಂಘದ ವಿದ್ಯಾರ್ಥಿವೇತನದ ಅರ್ಜಿಗಳನ್ನೂ ಕೊಂಡೊಯ್ಯಿರಿ. ಇದುವರೆಗೆ ಅವು ಕಂಟೋನ್ಮೆಂಟು ದಾಟಿದ್ದೇ ಕಡಿಮೆ.