ಚಿಕ್ಕ ದ್ವೀಪಗಳು ಕಷ್ಟಕಾಲವನ್ನು ತಾಳುವ ಬಗೆ



ಕಡಲಿನ ಗಾಳಿಯೂ ಬೀಸದ ಮದುಕ್ಕರೈಯಲ್ಲಿ ನಿಂತು ದ್ವೀಪಗಳ ಮಾತನ್ನಾಡುವುದೇಕೆಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಆದರೆ ನಮ್ಮೂರಿನಿಂದ ಪಶ್ಚಿಮಕ್ಕೆ ವಾಳಯಾರನ್ನು ದಾಟಿ ಪಾಲಕ್ಕಾಡಿನ ಕಣಿವೆಯಲ್ಲಿ ಹೋಗುವ ರೈಲು ಕೆಲವೇ ತಾಸುಗಳಲ್ಲಿ ಕೊಚ್ಚಿಯನ್ನು ಮುಟ್ಟುತ್ತದೆ. ಕೊಚ್ಚಿಯಲ್ಲಿ ಹಡಗನ್ನೇರಿದವನು ಮರುದಿನ ಲಕ್ಷದ್ವೀಪದಲ್ಲಿರುತ್ತಾನೆ. ಇನ್ನೊಂದು ನಂಟೂ ಉಂಟು. ನಮ್ಮೂರು ಸಿಮೆಂಟಿಗೆ ಹೆಸರಾದುದು ಇಲ್ಲಿಯ ಸುಣ್ಣಕಲ್ಲಿನಿಂದ; ಆ ದ್ವೀಪಗಳೂ ಸುಣ್ಣಕಲ್ಲೇ. ಹವಳದ ಹುಳುಗಳು ಸಾವಿರಾರು ವರ್ಷ ಕೂಡಿ ಕಟ್ಟಿದ ಸುಣ್ಣದ ಗೋಡೆಯ ಮೇಲೆ ಮರಳು ನಿಂತು, ಮರಳಿನ ಮೇಲೆ ತೆಂಗು ಬೆಳೆದು, ತೆಂಗನ್ನು ನಂಬಿ ಮನುಷ್ಯರು ನೆಲಸಿದರು.

ಭೂಪಟದಲ್ಲಿ ಚುಕ್ಕೆಗಿಂತ ದೊಡ್ಡದಾಗಿ ಕಾಣದ ಇಂಥ ನಾಡುಗಳು ಲೋಕದಲ್ಲಿ ಹಲವಿವೆ. ಮಾಲ್ದೀವ್ಸ್, ಮಾರಿಷಸ್, ಪೆಸಿಫಿಕ್ ಸಾಗರದ ಟುವಾಲು, ಕಿರಿಬಾಟಿ, ನೌರು, ಕೆರಿಬಿಯನ್ ಕಡಲಿನ ಗ್ರೆನಾಡ, ಬಾರ್ಬಡೋಸ್ ಮೊದಲಾದವು. 1992ರಲ್ಲಿ ರಿಯೋ ನಗರದಲ್ಲಿ ಸೇರಿದ ವಿಶ್ವಸಂಸ್ಥೆಯ ಸಮ್ಮೇಳನವು ಇವುಗಳ ಕಷ್ಟ ಬೇರೆಯದೇ ಬಗೆಯದೆಂದು ಒಪ್ಪಿತು. 1994ರಲ್ಲಿ ಬಾರ್ಬಡೋಸಿನಲ್ಲಿ ಇವುಗಳಿಗಾಗಿಯೇ ಮೊದಲ ಮಹಾಸಭೆ ನಡೆಯಿತು. ಆ ಕಷ್ಟ ಯಾವುದು, ಅದನ್ನು ತಾಳಿ ನಿಲ್ಲುವ ಶಕ್ತಿ ಎಲ್ಲಿಂದ ಬರುತ್ತದೆ ಎಂಬುದೇ ನನ್ನ ಇಂದಿನ ಮಾತು. ದೂರದ ದೇಶಗಳಿಗೆ ಹೋಗುವ ಮೊದಲು, ಒಂದು ಕಾಲದಲ್ಲಿ ಕನ್ನಡ ಜಿಲ್ಲೆಯೊಂದಕ್ಕೆ ಸೇರಿದ್ದ ದ್ವೀಪಗಳ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಲಕ್ಷದ್ವೀಪದ ಉತ್ತರ ಭಾಗದಲ್ಲಿ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ದ್ವೀಪಗಳಿವೆ. ಇವುಗಳಿಗೆ ಅಮಿನ್‌ದೀವಿ ಎಂದು ಹೆಸರು. ಮೊದಲು ಇವು ಕಣ್ಣಾನೂರಿನ ಅರಕ್ಕಲ್ ಮನೆತನದ ಆಳ್ವಿಕೆಯಲ್ಲಿದ್ದವು. ಆ ಆಡಳಿತದ ಕಾಟವನ್ನು ಸಹಿಸಲಾರದೆ 1783ರಲ್ಲಿ ಅಮಿನಿಯ ಕೆಲವರು ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನನಲ್ಲಿ ಮೊರೆಯಿಟ್ಟರು. ಮುಂದೆ ಆ ದ್ವೀಪಗಳು ಮೈಸೂರಿನ ಕೈಸೇರಿದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರು ಅವುಗಳನ್ನು ಮಂಗಳೂರಿನಿಂದಲೇ ಆಳಿದರು. ಹೀಗೆ 1956ರ ವರೆಗೆ ಅಮಿನ್‌ದೀವಿಯು ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು.

ಅಲ್ಲಿಯವರ ಬಾಳು ಹೇಗೆ ನಡೆಯುತ್ತಿತ್ತು? ಹವಳದ ಮರಳಿನಲ್ಲಿ ಭತ್ತ ಬೆಳೆಯುವಂತಿಲ್ಲ. ತೆಂಗೊಂದೇ ಗತಿ. ಕಾಯಿಯ ಸಿಪ್ಪೆಯನ್ನು ತೀರದ ಮರಳಿನ ಗುಂಡಿಗಳಲ್ಲಿ ತಿಂಗಳುಗಟ್ಟಲೆ ನೆನೆಯಿಟ್ಟು, ಹೆಂಗಸರು ಅದನ್ನು ಬಡಿದು ನಾರು ತೆಗೆದು ಹುರಿ ಹೊಸೆಯುತ್ತಿದ್ದರು. ಆ ಹುರಿಯನ್ನು ಗಂಡಸರು ತಮ್ಮ ಹಾಯಿ ಓಡಗಳಲ್ಲಿ ತುಂಬಿ ಮಂಗಳೂರಿಗೆ ತಂದು, ಅಕ್ಕಿಯನ್ನು ಒಯ್ಯುತ್ತಿದ್ದರು. ಮಳೆಗಾಲದಲ್ಲಿ ಕಡಲು ಮುಚ್ಚಿಬಿಡುತ್ತದೆ. ಓಡಗಳನ್ನು ದಡಕ್ಕೆ ಎಳೆದಿಡಬೇಕು. ಆದುದರಿಂದ ಮುಂಗಾರು ಬರುವುದಕ್ಕೆ ಮೊದಲೇ ಆ ನಾಲ್ಕು ತಿಂಗಳ ಅಕ್ಕಿ ಮನೆ ಸೇರಬೇಕು. ಒಂದು ಓಡ ಮುಳುಗಿತೆಂದರೆ ಬರಿಯ ಸರಕಲ್ಲ, ಹಲವು ಮನೆಗಳ ಮಳೆಗಾಲದ ಊಟವೇ ಮುಳುಗಿದಂತೆ.

ಇದಕ್ಕಿಂತಲೂ ಬಿಗಿಯಾದ ಗಂಟೊಂದಿತ್ತು. ಹುರಿಯ ವ್ಯಾಪಾರ ಸರಕಾರದ ಏಕಸ್ವಾಮ್ಯವಾಗಿತ್ತು. ಅರಕ್ಕಲ್ ಅರಸರು ಹಾಕಿದ ಈ ಪದ್ಧತಿಯನ್ನು ಟಿಪ್ಪುವಿನ ಆಡಳಿತವೂ ಇಂಗ್ಲಿಷರೂ ಬಿಡದೆ ಮುಂದುವರಿಸಿದರು. ಹುರಿಯನ್ನು ಕೊಳ್ಳುವವನೂ ಒಬ್ಬನೇ, ಅದರ ಬದಲಿಗೆ ಅಕ್ಕಿಯನ್ನು ಅಳೆದು ಕೊಡುವವನೂ ಅವನೇ. ಎರಡರ ದರವನ್ನೂ ಅವನೇ ಗೊತ್ತುಮಾಡುವನು. ಮಕ್ಕಳೇ, ಈ ವಾಕ್ಯವನ್ನು ನೆನಪಿನಲ್ಲಿಡಿ. ಒಂದೇ ಬೆಳೆ, ಒಂದೇ ಗಿರಾಕಿ, ಒಂದೇ ದಾರಿ: ಸಣ್ಣ ದ್ವೀಪಗಳ ಅರ್ಥಶಾಸ್ತ್ರವನ್ನು ದೊಡ್ಡ ದೊಡ್ಡ ಗ್ರಂಥಗಳು ಬಗೆಬಗೆಯಾಗಿ ಹೇಳುತ್ತವೆಯಾದರೂ ಅವುಗಳ ಸಾರ ಬಹುಮಟ್ಟಿಗೆ ಇಷ್ಟೇ.

ದಕ್ಷಿಣದ ದ್ವೀಪಗಳ ಕಥೆ ಇನ್ನೂ ಕನಿಕರ ಹುಟ್ಟಿಸುವಂಥದು. ಆಂಡ್ರೋತ್, ಕಲ್ಪೇನಿ ಮೊದಲಾದವು ಅರಕ್ಕಲ್ ಮನೆತನದಲ್ಲಿಯೇ ಉಳಿದಿದ್ದವು. 1847ರಲ್ಲಿ ಭಾರಿ ಚಂಡಮಾರುತವೊಂದು ಅವುಗಳ ಮೇಲೆ ಬಡಿಯಿತು. ಮನೆಗಳು ಹೋದವು, ತೆಂಗಿನ ಮರಗಳು ಉರುಳಿದವು, ಅನೇಕರು ಸತ್ತರು. ತೆಂಗಿನ ಸಸಿ ಫಲ ಕೊಡುವುದಕ್ಕೆ ಎಷ್ಟು ವರ್ಷ ಬೇಕೆಂಬುದು ತೋಟವುಳ್ಳ ನಮ್ಮವರಿಗೆ ಗೊತ್ತು. ಗಾಳಿಯ ಒಂದು ರಾತ್ರಿ ಅಷ್ಟು ವರ್ಷಗಳ ಆದಾಯವನ್ನು ಹೊತ್ತುಕೊಂಡು ಹೋಯಿತು. ದ್ವೀಪಗಳನ್ನು ನೋಡಲು ಹೋದ ಅರಸನಿಗೆ ಜನರ ಬೇಡಿಕೆಯನ್ನು ಪೂರೈಸುವ ಶಕ್ತಿ ಇರಲಿಲ್ಲ. ಜೊತೆಯಲ್ಲಿದ್ದ ಇಂಗ್ಲಿಷ್ ಅಧಿಕಾರಿ ವಿಲಿಯಂ ರಾಬಿನ್‌ಸನ್ ಸಾಲವಾಗಿ ಸಹಾಯ ಕೊಡಲು ಮುಂದಾದನು. ಸಾಲ ಕೆಲವು ವರ್ಷ ನಡೆಯಿತು, ಬಡ್ಡಿ ಬೆಳೆಯಿತು, ತೀರಿಸಲು ಆಗಲಿಲ್ಲ. 1854ರಲ್ಲಿ ಆ ದ್ವೀಪಗಳ ಆಡಳಿತವು ಕಂಪೆನಿಯ ಕೈಗೆ ಹೋಯಿತು. ಬಿರುಗಾಳಿಯು ಮರಗಳನ್ನು ಕೆಡವಿತು. ರಾಜ್ಯವನ್ನು ಕೆಡವಿದ್ದು ಬಿರುಗಾಳಿಯ ಹಿಂದೆ ಬಂದ ಸಾಲ.

ನೂರೈವತ್ತು ವರ್ಷಗಳ ಮೇಲೆಯೂ ಈ ಕಥೆ ಹಳೆಯದಾಗಿಲ್ಲ. 2004ರ ಸೆಪ್ಟೆಂಬರಿನಲ್ಲಿ ಐವಾನ್ ಎಂಬ ಚಂಡಮಾರುತ ಗ್ರೆನಾಡ ದ್ವೀಪದ ಮೇಲೆ ಹಾದುಹೋಯಿತು. ಆದ ನಷ್ಟ ಆ ದೇಶದ ಎರಡು ವರ್ಷಗಳ ಒಟ್ಟು ಉತ್ಪನ್ನಕ್ಕೆ ಸಮನಾಗಿತ್ತು. ದೊಡ್ಡ ದೇಶದಲ್ಲಿ ಒಂದು ಜಿಲ್ಲೆ ಕೆಟ್ಟರೆ ಇನ್ನೊಂದು ಜಿಲ್ಲೆ ಅನ್ನ ಕೊಡುತ್ತದೆ. ದ್ವೀಪದಲ್ಲಿ ಆ ಇನ್ನೊಂದು ಜಿಲ್ಲೆ ಇಲ್ಲ. ಈ ಪೆಟ್ಟಿನ ಮೇಲೆ ಕೆರಿಬಿಯನ್ ದೇಶಗಳು 2007ರಲ್ಲಿ ಒಂದು ವಿಮಾನಿಧಿಯನ್ನು ಕೂಡಿ ಸ್ಥಾಪಿಸಿದವು. ಪ್ರತಿಯೊಂದೂ ವರ್ಷವರ್ಷ ಕಂತು ಕಟ್ಟುತ್ತದೆ. ಯಾವುದಕ್ಕೆ ಗೊತ್ತಾದ ಮಟ್ಟದ ಬಿರುಗಾಳಿಯೋ ಭೂಕಂಪವೋ ಬಡಿಯುತ್ತದೆಯೋ ಅದಕ್ಕೆ ದಿನಗಳೊಳಗೆ ಹಣ ಬರುತ್ತದೆ. ನಮ್ಮ ಬೀದಿಗಳಲ್ಲಿ ಹೆಂಗಸರು ಕೂಡಿ ಕಟ್ಟುವ ಚೀಟಿಗೂ ಇದಕ್ಕೂ ಹೋಲಿಕೆಯುಂಟೆಂದರೆ ತಮಗೆ ನಗು ಬರಬಹುದು. ಲೆಕ್ಕ ಬೇರೆ, ತತ್ತ್ವ ಒಂದೇ: ಒಬ್ಬರ ಆಪತ್ತನ್ನು ಹಲವರು ಹಂಚಿಕೊಳ್ಳುವುದು.

ಕೂಡಿಟ್ಟ ಹಣದ ಮಾತು ಬಂದುದರಿಂದ ನೌರು ಮತ್ತು ಕಿರಿಬಾಟಿಗಳನ್ನು ಹೇಳಿ ಮುಂದೆ ಹೋಗುತ್ತೇನೆ. ಎರಡಕ್ಕೂ ದೈವ ಕೊಟ್ಟುದು ಗೊಬ್ಬರಕ್ಕೆ ಬೇಕಾದ ಫಾಸ್ಫೇಟ್ ಕಲ್ಲು. 1968ರಲ್ಲಿ ಸ್ವತಂತ್ರವಾದ ನೌರು ಅದನ್ನು ಮಾರಿ ಕೆಲವು ಕಾಲ ಲೋಕದ ಸಿರಿವಂತರ ಸಾಲಿನಲ್ಲಿ ಕುಳಿತಿತು. ಕಲ್ಲು ಮುಗಿಯಿತು, ಹಣವೂ ಬಹುಮಟ್ಟಿಗೆ ಕರಗಿತು, ದ್ವೀಪದ ನಡುಭಾಗ ಅಗೆದ ಗುಂಡಿಗಳಾಗಿ ಉಳಿಯಿತು. ಕಿರಿಬಾಟಿಯಲ್ಲಿ ಕಲ್ಲು 1979ಕ್ಕೇ ಮುಗಿಯಿತು. ಆದರೆ 1956ರಿಂದಲೇ ಅದರ ಆದಾಯದ ಒಂದು ಪಾಲನ್ನು ನಿಧಿಯಾಗಿ ತೆಗೆದಿಡುತ್ತ ಬಂದಿದ್ದರು. ಆ ನಿಧಿ ಇಂದಿಗೂ ಆ ದೇಶವನ್ನು ಸಾಕುತ್ತಿದೆ. ಕಲ್ಲು ಅಗೆದು ಬದುಕಿದ ಊರಿನವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಾರಿಷಸಿನದು ಬೇರೆ ದಾರಿ. ಕಬ್ಬನ್ನೇ ನಂಬಿದ್ದ ಆ ದ್ವೀಪವನ್ನು 1960ರಲ್ಲಿ ಕ್ಯಾರೊಲ್ ಎಂಬ ಚಂಡಮಾರುತ ನೆಲಸಮ ಮಾಡಿತು. ಮರುವರ್ಷ ಪ್ರಕಟವಾದ ವರದಿಯಲ್ಲಿ ಜೇಮ್ಸ್ ಮೀಡ್ ಎಂಬ ಪ್ರಸಿದ್ಧ ಅರ್ಥಶಾಸ್ತ್ರಜ್ಞರು, ಬೆಳೆಯುತ್ತಿರುವ ಜನಸಂಖ್ಯೆಗೆ ಉದ್ಯೋಗವೆಲ್ಲಿ ಎಂದು ಕಳವಳಪಟ್ಟರು. ಅವರ ಕಳವಳ ನಿಜವಾಗಲಿಲ್ಲ. ಮರ, ಹುಲ್ಲುಗಳ ಮನೆಗಳ ಬದಲಿಗೆ ಸಿಮೆಂಟಿನ ಮನೆಗಳನ್ನು ಕಟ್ಟಿದರು; 1970ರಲ್ಲಿ ರಫ್ತಿನ ಕೈಗಾರಿಕೆಗಳಿಗಾಗಿ ಕಾನೂನು ಮಾಡಿದರು; ಕಬ್ಬಿನ ಜೊತೆಗೆ ಬಟ್ಟೆ, ಪ್ರವಾಸಿಗಳು, ಬ್ಯಾಂಕು ಎಂದು ಒಂದೊಂದೇ ಕಾಲನ್ನು ಊರಿದರು. ಹೆಣ್ಣುಮಕ್ಕಳು ಸಾವಿರಗಟ್ಟಲೆ ಹೆಣಿಗೆಯ ಕಾರ್ಖಾನೆಗಳನ್ನು ಸೇರಿದರು.

ಇಲ್ಲಿ ನಮ್ಮ ತಿರುಪ್ಪೂರು ಕಥೆಯೊಳಗೆ ಬರುತ್ತದೆ. ಯಾವ ದೇಶ ಎಷ್ಟು ಬಟ್ಟೆ ಕಳಿಸಬೇಕೆಂದು ಕಟ್ಟುಮಾಡಿದ್ದ ಅಂತರರಾಷ್ಟ್ರೀಯ ಒಪ್ಪಂದವು 2005ರ ಜನವರಿ 1ರಂದು ಕೊನೆಗೊಂಡಿತು. ಆ ಕಟ್ಟಿನ ಆಸರೆಯಲ್ಲಿ ಬೆಳೆದಿದ್ದ ಮಾರಿಷಸಿನಲ್ಲಿ ಕಾರ್ಖಾನೆಗಳು ಮುಚ್ಚಿದವು, ಬಹಳ ಮಂದಿ ಕೆಲಸ ಕಳೆದುಕೊಂಡರು. ಅದೇ ಕಟ್ಟಿನಿಂದ ಬಿಡುಗಡೆ ಹೊಂದಿದ ತಿರುಪ್ಪೂರಿಗೆ ಬಾಗಿಲು ತೆರೆಯಿತು. ಅದಾದ ಮೇಲೆ ಪೆಟ್ಟು ತಿನ್ನುವ ಸರದಿ ತಿರುಪ್ಪೂರಿನದು. ಬಣ್ಣದ ನೀರಿನಿಂದ ನೊಯ್ಯಲ್ ನದಿ ಕೆಟ್ಟುದರಿಂದ 2011ರ ಜನವರಿಯಲ್ಲಿ ಮದರಾಸು ಉಚ್ಚ ನ್ಯಾಯಾಲಯವು ಬಣ್ಣದ ಕಾರ್ಖಾನೆಗಳನ್ನು ಮುಚ್ಚಿಸಿತು. ಹೊಲಸು ನೀರನ್ನು ಹೊರಗೆ ಬಿಡದೆ ಶುದ್ಧಿಮಾಡಿ ಮತ್ತೆ ಬಳಸುವ ಕ್ರಮವನ್ನು ಕಲಿಯದೆ ಗತ್ಯಂತರವಿರಲಿಲ್ಲ. 2025ರ ಆಗಸ್ಟಿನಲ್ಲಿ ಅಮೆರಿಕವು ಭಾರತದ ಸರಕಿನ ಮೇಲಿನ ಸುಂಕವನ್ನು ನೂರಕ್ಕೆ 50ಕ್ಕೆ ಏರಿಸಿದಾಗ ಆ ಒಂದೇ ಗಿರಾಕಿಯನ್ನು ನಂಬಿದ್ದವರು ಎಷ್ಟು ಕಂಗೆಟ್ಟರೆಂಬುದನ್ನು ಈ ಸಭೆಯಲ್ಲಿರುವ ಕೆಲವು ತಂದೆಯರು ನನಗಿಂತ ಚೆನ್ನಾಗಿ ಬಲ್ಲರು. ದ್ವೀಪವಾಗುವುದಕ್ಕೆ ಸುತ್ತಲೂ ಕಡಲೇ ಇರಬೇಕೆಂದಿಲ್ಲ.

ಮಾಲ್ಟಾ ದ್ವೀಪದ ವಿದ್ವಾಂಸರಾದ ಲೀನೋ ಬ್ರಿಗುಲಿಯೊ ಎಂಬವರು 1995ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿ, ಪೆಟ್ಟಿಗೆ ಒಡ್ಡಿಕೊಂಡಿರುವುದು ಬೇರೆ, ಬಡವರಾಗಿರುವುದು ಬೇರೆ ಎಂದು ತೋರಿಸಿದರು. ಸಿಂಗಪುರವನ್ನು ನೋಡಿ. ಅಕ್ಕಿ, ಎಣ್ಣೆ ಎಲ್ಲವೂ ಹೊರಗಿನಿಂದ ಬರಬೇಕು. ಆದರೂ ಅದು ಸಂಪನ್ನ. ಒಡ್ಡಿಕೊಂಡಿರುವುದು ಹುಟ್ಟಿನಿಂದ ಬಂದುದು, ತಾಳುವ ಶಕ್ತಿ ನೀತಿಯಿಂದ ಬೆಳೆಸಿಕೊಂಡುದು ಎಂಬುದು ಅವರ ವಾದ. ನಾನು ಇದನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಸಿಂಗಪುರಕ್ಕೆ ಲೋಕದ ಹಡಗುಗಳೆಲ್ಲ ಹಾಯುವ ಜಲಸಂಧಿಯ ಬಾಗಿಲು ಸಿಕ್ಕಿತ್ತು. ಟುವಾಲುವಿಗೆ ಅದು ಎಲ್ಲಿಂದ ಬರಬೇಕು?

ಹಣದ ಮಾತು ಸಾಕು. ನೀರಿನ ಮಾತಿಗೆ ಬರೋಣ. ಹವಳದ ದ್ವೀಪದಲ್ಲಿ ಹೊಳೆಯಿಲ್ಲ. ಮಳೆಯ ನೀರು ಮರಳಿನಲ್ಲಿ ಇಳಿದು, ಉಪ್ಪುನೀರಿಗಿಂತ ಹಗುರವಾದುದರಿಂದ ಅದರ ಮೇಲೆ ತೆಳ್ಳಗೆ ತೇಲುತ್ತ ನಿಂತಿರುತ್ತದೆ. ಬಾವಿಯಲ್ಲಿ ಕೊಡದಿಂದ ಸೇದಿದರೆ ಸಿಹಿನೀರು. ಯಂತ್ರ ಇಟ್ಟು ಎಳೆದರೆ ಕೆಳಗಿನ ಉಪ್ಪು ಮೇಲೆದ್ದು ಬರುತ್ತದೆ. 2005ರಲ್ಲಿ ಚೆನ್ನೈಯ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು ಕವರತ್ತಿಯಲ್ಲಿ ದಿನಕ್ಕೆ 1 ಲಕ್ಷ ಲೀಟರು ಸಿಹಿನೀರು ಕೊಡುವ ಸ್ಥಾವರವನ್ನು ಕಟ್ಟಿದರು. ಮೇಲಿನ ಬೆಚ್ಚನೆಯ ಕಡಲನೀರನ್ನು ಕಡಿಮೆ ಒತ್ತಡದಲ್ಲಿ ಆವಿಮಾಡಿ, ಆಳದಿಂದ ತಂದ ತಣ್ಣೀರಿನಿಂದ ಆ ಆವಿಯನ್ನು ತಣಿಸುವುದೇ ಅದರ ಉಪಾಯ. ಆದರೆ ಯಂತ್ರವೊಂದನ್ನೇ ನಂಬುವುದೂ ಆಪತ್ತೇ. 2014ರ ಡಿಸೆಂಬರ್ 4ರಂದು ಮಾಲ್ದೀವ್ಸಿನ ರಾಜಧಾನಿ ಮಾಲೆಯ ನೀರಿನ ಸ್ಥಾವರಕ್ಕೆ ಬೆಂಕಿ ಬಿದ್ದಿತು. ಇಡೀ ನಗರದ ನಲ್ಲಿಗಳು ಒಣಗಿದವು. ಭಾರತವು ವಿಮಾನಗಳಲ್ಲಿಯೂ ಹಡಗುಗಳಲ್ಲಿಯೂ ಕುಡಿಯುವ ನೀರನ್ನು ಕಳಿಸಿತು.

ಸಾಮಾಜಿಕವಾದ ತಾಳಿಕೆಯು ಅಂಕೆಗಳಿಗೆ ಸಿಕ್ಕುವುದಿಲ್ಲವೆಂದು ಪಂಡಿತರು ಅದನ್ನು ಬೇಗ ದಾಟಿಬಿಡುತ್ತಾರೆ. ನನಗಂತೂ ಅದೇ ಹೆಚ್ಚಿನದೆಂದು ತೋರುತ್ತದೆ. ದ್ವೀಪಗಳಲ್ಲಿ ಇಲಿಗಳು ತೆಂಗಿನ ಮರದ ಮೇಲೆಯೇ ವಾಸಮಾಡಿ ಎಳಗಾಯಿಗಳನ್ನು ಕೊರೆಯುತ್ತವೆ. ಹಿಂದೆ ಊರಿನ ಗಂಡಸರೆಲ್ಲ ಸೇರಿ ಇಲಿಬೇಟೆಗೆ ಹೊರಡುವ ಕಟ್ಟುಪಾಡಿತ್ತು. ಒಬ್ಬನು ತನ್ನ ತೋಟದ ಇಲಿಯನ್ನು ಮಾತ್ರ ಕೊಂದರೆ ಫಲವಿಲ್ಲ. ನೆರೆಯ ಮರದಿಂದ ಮತ್ತೆ ಬರುತ್ತದೆ. ತೀರ ದಕ್ಷಿಣದ ಮಿನಿಕಾಯ್ ದ್ವೀಪದಲ್ಲಿ ಪ್ರತಿಯೊಂದು ಹಳ್ಳಿಗೂ ಮುಖ್ಯಸ್ಥನಿದ್ದಾನೆ, ಹೆಂಗಸರಿಗೆ ಬೇರೆ ಮುಖ್ಯಸ್ಥೆ ಇದ್ದಾಳೆ. ಅಲ್ಲಿಯ ಗಂಡಸರು ಲೋಕದ ಹಡಗುಗಳಲ್ಲಿ ನಾವಿಕರಾಗಿ ದುಡಿಯುತ್ತಾರೆ. ಸುತ್ತಲಿನ ದ್ವೀಪಗಳೆಲ್ಲ ಮಲಯಾಳದ ಬಗೆಯ ಮಾತನ್ನಾಡಿದರೆ, ಇವರು ಮನೆಯಲ್ಲಿ ಮಾಲ್ದೀವ್ಸಿನ ಭಾಷೆಗೆ ಸೇರಿದ ಮಹಲ್ ಮಾತನ್ನು ಆಡುತ್ತಾರೆ.

ಇದನ್ನು ಕೇಳುವಾಗ ತಮಗೆ ತಮ್ಮ ಮನೆಗಳ ನೆನಪು ಬರುತ್ತಿರಬಹುದು. 1956ರ ನವೆಂಬರ್ 1ರಂದು ಮದರಾಸು ರಾಜ್ಯದ ಗೆರೆಗಳನ್ನು ಹೊಸದಾಗಿ ಎಳೆದರು. ಅಂದು ಅಮಿನ್‌ದೀವಿಯು ದಕ್ಷಿಣ ಕನ್ನಡವನ್ನು ಬಿಟ್ಟು ಕೇಂದ್ರಾಡಳಿತಕ್ಕೆ ಹೋಯಿತು. ಅಂದೇ ನಮ್ಮ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ ಸೇರಿತು. ಕೊಯಮತ್ತೂರಿನ ಸೀಮೆಯಲ್ಲಿ ಮಗ್ಗ ಹಿಡಿದ ದೇವಾಂಗರ ಬೀದಿಗಳೂ ಒಕ್ಕಲಿಗರ ಹಳ್ಳಿಗಳೂ ಇದ್ದಲ್ಲೇ ಉಳಿದವು. ತಮಿಳನ್ನು ಬೀದಿಯಲ್ಲಿ, ಕನ್ನಡವನ್ನು ಮನೆಯಲ್ಲಿ ಆಡುತ್ತ, ಎರಡರಿಂದಲೂ ಲಾಭ ಪಡೆಯುತ್ತ ಬಂದವರು ನಾವು.

ಇನ್ನು ಕೊನೆಯದಾಗಿ ಟುವಾಲು. ಅಲ್ಲಿಯ ಜನ ಸುಮಾರು ಹತ್ತು ಸಾವಿರ ಮಂದಿ. ನೆಲ ಕಡಲಿನಿಂದ ಕೆಲವೇ ಅಡಿ ಎತ್ತರ. ಕಡಲು ಏರುತ್ತಿರುವುದರಿಂದ 2023ರಲ್ಲಿ ಅದು ಆಸ್ಟ್ರೇಲಿಯದೊಡನೆ ಒಂದು ಒಪ್ಪಂದವನ್ನು ಮಾಡಿಕೊಂಡಿತು. ಅದರಂತೆ ವರ್ಷಕ್ಕೆ 280 ಮಂದಿ ಅಲ್ಲಿಗೆ ಹೋಗಿ ನೆಲಸಬಹುದು. 2025ರಲ್ಲಿ ಮೊದಲ ಸಲ ಅರ್ಜಿ ಕರೆದಾಗ ಮನೆಮಂದಿಯೂ ಸೇರಿ ಜನಸಂಖ್ಯೆಯ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಹೆಸರುಗಳು ಬಂದವು. ಹೋದವರು ಮರಳಿ ಬರುವುದಕ್ಕೂ ಒಪ್ಪಂದದಲ್ಲಿ ಅಡ್ಡಿಯಿಲ್ಲ. ಅದೇ 2023ರಲ್ಲಿ ಟುವಾಲು ತನ್ನ ಸಂವಿಧಾನವನ್ನು ತಿದ್ದಿ, ನೆಲವೆಲ್ಲ ನೀರಿನೊಳಗೆ ಹೋದರೂ ತನ್ನ ರಾಜ್ಯ ಎಂದೆಂದಿಗೂ ಇರುವುದೆಂದು ಬರೆದುಕೊಂಡಿತು.