ಹರಾಜಿನಲ್ಲಿ ಗೆದ್ದವನಿಗೆ ಮಾಲು ಕೊಡದಿರಬಹುದೇ?

(ಗಿರಣಿ ಕಾರ್ಮಿಕರ ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಎಲ್ಲರಿಗಿಂತ ಹೆಚ್ಚು ಸವಾಲು ಕೂಗಿದವನಿಗೆ ಮಾಲು ಕೊಡುವುದಿಲ್ಲವೆಂದು ಮಾಲೀಕನು ಹೇಳಬಹುದೇ? ನಮ್ಮನ್ನು ಅನೇಕರು ಈ ಪ್ರಶ್ನೆ ಕೇಳಿದ್ದಾರೆ. ಹಳೆಯ ಮಗ್ಗ, ಗುಜರಿ ಕಬ್ಬಿಣ, ನಗರಸಭೆಯ ಮಳಿಗೆ, ಇವುಗಳ ಹರಾಜಿಗೆ ಸಾಲ ಮಾಡಿ ಠೇವಣಿ ಕಟ್ಟುವವರು ದೊಡ್ಡ ಸಾಹುಕಾರರಲ್ಲ, ನಾವೇ. ಆದ್ದರಿಂದ ಕಾಯಿದೆಯನ್ನು ನಾವೇ ತಿಳಿದಿರಬೇಕು.

1930ರ ಸರಕು ಮಾರಾಟ ಕಾಯಿದೆಯ 64ನೆಯ ಕಲಮು ಇದನ್ನು ಹೇಳುತ್ತದೆ. ಸುತ್ತಿಗೆ ಬಿದ್ದಾಗ, ಅಥವಾ ರೂಢಿಯಂತೆ 'ಮೂರು ಸಾರಿ' ಎಂದು ಸಾರಿದಾಗ ಮಾರಾಟ ಪೂರ್ತಿಯಾಗುತ್ತದೆ. ಅದಕ್ಕೆ ಮುಂಚೆ ನಾವು ಕೂಗಿದ್ದು ಬರಿಯ ಕೇಳಿಕೆ. ಅದನ್ನು ನಾವು ಹಿಂದಕ್ಕೆ ತೆಗೆದುಕೊಳ್ಳಬಹುದು, ಅವನೂ ಒಪ್ಪದಿರಬಹುದು. 1789ರಷ್ಟು ಹಿಂದೆಯೇ ಇಂಗ್ಲೆಂಡಿನಲ್ಲಿ ಭಟ್ಟಿ ಇಳಿಸುವ ಸಾಮಾನಿಗೆ 40 ಪೌಂಡು ಕೂಗಿದವನೊಬ್ಬನು ಸುತ್ತಿಗೆ ಬೀಳುವ ಮೊದಲೇ ಹಿಂದೆ ಸರಿದ. ಕೋರ್ಟು ಅವನ ಪರವಾಗಿಯೇ ತೀರ್ಪು ಕೊಟ್ಟಿತು. ಆದರೆ ಸುತ್ತಿಗೆ ಬಿದ್ದ ಮೇಲೆ ಕಥೆ ಬೇರೆ. ಆಗ ಕರಾರು ಹುಟ್ಟಿತು. 'ದರ ಕಡಿಮೆಯಾಯಿತು' ಎಂದು ಮಾಲೀಕನು ಕೈ ಕೊಡವಿದರೆ ನಷ್ಟಪರಿಹಾರಕ್ಕೆ ದಾವೆ ಹೂಡಬಹುದು.

ಕನಿಷ್ಠ ದರವೇ ಇಲ್ಲವೆಂದು ಸಾರಿ ಕರೆದ ಹರಾಜಿನ ಸಂಗತಿಯೂ ಒಂದಿದೆ. ಇಂಗ್ಲೆಂಡಿನಲ್ಲಿ ಎಂಜಿನ್ ಪರೀಕ್ಷಿಸುವ ಎರಡು ಯಂತ್ರಗಳಿಗೆ ಒಬ್ಬನೇ ಒಬ್ಬನು ತಲಾ 200 ಪೌಂಡು ಕೂಗಿದ. ಹೊಸದಕ್ಕೆ ತಲಾ 14,000 ಪೌಂಡು ಬೆಲೆ. ಹರಾಜುದಾರನು ಮಾಲನ್ನು ಹಿಂದಕ್ಕೆ ತೆಗೆದುಕೊಂಡ. 2000ನೆಯ ಇಸವಿಯಲ್ಲಿ ಅಲ್ಲಿನ ಮೇಲ್ಮನವಿ ಕೋರ್ಟು ಸವಾಲುದಾರನಿಗೆ 27,600 ಪೌಂಡು ಪರಿಹಾರವನ್ನು ಎತ್ತಿಹಿಡಿಯಿತು. ಅದು ನಮ್ಮ ದೇಶದ ತೀರ್ಪಲ್ಲ, ನಮ್ಮ ಕೋರ್ಟುಗಳನ್ನು ಕಟ್ಟುವುದಿಲ್ಲ. ಆದರೂ ಮಾತಿಗೆ ಬೆಲೆಯಿರಬೇಕೆಂಬ ಅದರ ನ್ಯಾಯ ನಮಗೆ ಮೆಚ್ಚುಗೆ.

ಮಳಿಗೆ, ಜಮೀನುಗಳು ಸರಕಲ್ಲ. ಅಲ್ಲಿ ಹರಾಜಿನ ಷರತ್ತುಗಳದೇ ಆಟ. ಸರ್ಕಾರಿ ಹರಾಜಿನ ನೋಟೀಸಿನ ಕೊನೆಯಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ, 'ಯಾವುದೇ ಸವಾಲನ್ನು ತಿರಸ್ಕರಿಸುವ ಹಕ್ಕಿದೆ, ಮಂಜೂರಾತಿಗೆ ಒಳಪಟ್ಟಿದೆ' ಎಂದು ಅಚ್ಚಾಗಿರುತ್ತದೆ. ಹಾಗಿದ್ದಲ್ಲಿ 'ಮೂರು ಸಾರಿ' ಎಂದರೂ ಕೆಲಸ ಮುಗಿಯಲಿಲ್ಲ. ನಾಗಪುರದ ಇಂಪ್ರೂವ್‌ಮೆಂಟ್ ಟ್ರಸ್ಟಿನ ನಿವೇಶನದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1996ರಲ್ಲಿ ಹೇಳಿದ್ದು ಇದನ್ನೇ: ಮಂಜೂರಾತಿ ಸಿಕ್ಕುವ ತನಕ ಹೆಚ್ಚು ಕೂಗಿದವನಿಗೆ ಹಕ್ಕು ಹುಟ್ಟುವುದಿಲ್ಲ. ಹಾಗೆಂದು ಅಧಿಕಾರಿ ತನ್ನ ಭಾವಮೈದುನನಿಗೆ ಮಳಿಗೆ ದಾಟಿಸಲು ನಮ್ಮ ಸವಾಲನ್ನು ತಳ್ಳುವಂತಿಲ್ಲ. ಸರ್ಕಾರವು ಮನಬಂದಂತೆ ಗುತ್ತಿಗೆ ಹಂಚಬಾರದೆಂದು ವಿಮಾನ ನಿಲ್ದಾಣ ಪ್ರಾಧಿಕಾರದ ಮೊಕದ್ದಮೆಯಲ್ಲಿ 1979ರಲ್ಲೇ ಅದೇ ಸುಪ್ರೀಂ ಕೋರ್ಟು ಹೇಳಿದೆ. ತಿರಸ್ಕರಿಸಿದ್ದಕ್ಕೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿರಿ. ಠೇವಣಿಯ ರಸೀದಿಯನ್ನಂತೂ ಕಳೆಯಬೇಡಿರಿ.

ಇನ್ನೊಂದು ಮೋಸ. ಮಾಲೀಕನೇ ತನ್ನ ಆಳನ್ನು ಗುಂಪಿನಲ್ಲಿ ನಿಲ್ಲಿಸಿ ಸವಾಲು ಏರಿಸುತ್ತಾನೆ. ತಾನೂ ಕೂಗುವ ಹಕ್ಕನ್ನು ಮೊದಲೇ ಸಾರದೆ ಹೀಗೆ ಮಾಡಿದರೆ ಅದು ಕಾಯಿದೆಗೆ ವಿರುದ್ಧ. ಅಂಥ ಮಾರಾಟವನ್ನು ಕೊಂಡವನು ಮೋಸವೆಂದು ತಳ್ಳಿಹಾಕಬಹುದು. ಸಾಕ್ಷಿ ಸಿಕ್ಕುವುದು ಕಷ್ಟ, ನಿಜ. ಆದ್ದರಿಂದಲೇ ಹರಾಜಿಗೆ ಒಬ್ಬೊಬ್ಬರೇ ಹೋಗಬಾರದು.

ಇನ್ನು ಮಾರುಕಟ್ಟೆ ಸಮಿತಿಯ ಪ್ರಾಂಗಣ. ಅಲ್ಲಿ ಟೆಂಡರಿನಲ್ಲಿ ಬಂದ ಅತಿ ಹೆಚ್ಚಿನ ದರವೂ ಸಾಲದೆಂದು ಕಂಡರೆ ರೈತನು ಮಾಲು ಕೊಡದಿರಬಹುದು. ಸಣ್ಣ ಖರೀದಿದಾರರಾದ ನಮ್ಮ ಗೆಳೆಯರು ಕೆಲವರು, 'ನಮಗಿಲ್ಲದ ಸೌಲಭ್ಯ ಅವನಿಗೇಕೆ?' ಎಂದು ಗೊಣಗುತ್ತಾರೆ. ಖರೀದಿದಾರರು ಒಳಗೊಳಗೇ ದರ ಗೊತ್ತುಮಾಡಿಕೊಂಡು ಬಂದ ದಿನ ರೈತನ ಕೈಯಲ್ಲಿ ಬೇರೆ ಯಾವ ಆಯುಧವಿದೆ, ಹೇಳಿ? ಈ ಹಕ್ಕನ್ನು ಕಿತ್ತುಕೊಳ್ಳಲು ಯಾರು ಬಂದರೂ ನಾವು ರೈತನ ಜೊತೆಗೇ ನಿಲ್ಲುತ್ತೇವೆ. ಆದರೆ ಮನೆಯಲ್ಲಿ ಬೀಜದ ಸಾಲ, ಹೊರಗೆ ಗಾಡಿಯ ಬಾಡಿಗೆ ಕಾದಿರುವಾಗ ಹತ್ತಿಯ ಮೂಟೆಗಳನ್ನು ವಾಪಸು ಹೇರಿಕೊಂಡು ಹೋಗುವ ಶಕ್ತಿ ಎಷ್ಟು ರೈತರಿಗಿದೆ? ಆದ್ದರಿಂದ ಉಗ್ರಾಣವೂ, ಅದರಲ್ಲಿಟ್ಟ ಮಾಲಿನ ಮೇಲೆ ಕಡಿಮೆ ಬಡ್ಡಿಯ ಸಾಲವೂ ಬೇಕೆಂದು ನಾವು ಕೇಳುತ್ತಿದ್ದೇವೆ.